ತಲೆಯಾಡಿಸದ ವೀಬ್ಕೆ

ಚಳಿಗಾಲದ ಬೆಳಗಿನ ಏಳು ಗಂಟೆ. ಲೇರ್ ಎಂಬ ಊರಿನ ಬಂದರಿನ ಮೇಲೆ ಇನ್ನೂ ಬೆಳಕು ಹರಿದಿಲ್ಲ. ಬ್ರೆಡ್ ಅಂಗಡಿಯ ಮಹಡಿಯ ಕೋಣೆಯಲ್ಲಿ, ಕೆಲಸ ನೋಡಲು ಬಂದ ನನ್ನ ಮುಂದೆ, ವೀಬ್ಕೆ ಹಾರ್ಮ್ಸ್ ಒಂದು ಹಾಳೆಯನ್ನು ಸಾಲುಸಾಲಿಗೂ ಬೆರಳಿಟ್ಟು ಜೋರಾಗಿ ಓದುತ್ತಿದ್ದಾರೆ. ಮೂರನೆಯ ಸಾಲಿಗೆ ಬಂದವರೇ ಕೆಂಪು ಕಾರ್ಡು ಎತ್ತುತ್ತಾರೆ.

“ಅರ್ಥ ಆಗ್ಲಿಲ್ಲ.”

ಹಾಳೆ ಬರೆದ ಫೋಲ್ಕೆರ್ಟ್ ಎದುರಿಗೇ ಕುಳಿತಿದ್ದಾರೆ. ಬಾಯಿ ತೆರೆದು ಮತ್ತೆ ಮುಚ್ಚುತ್ತಾರೆ. ಬರೆದವರು ಇಲ್ಲಿ ವಿವರಿಸುವಂತಿಲ್ಲ. ವಿವರಿಸಿದರೆ ನಾಳೆಯ ಬನ್ನು ಅವರದೇ ಖರ್ಚು.

“ಈ ಹಾಳೆ ಜೊತೆ ಎಲ್ಲರ ಮನೆಗೂ ಹೋಗ್ತೀಯೇನಪ್ಪಾ, ಬಿಡಿಸಿ ಹೇಳೋಕೆ?” ಎಂದು ವೀಬ್ಕೆ ಛೇಡಿಸುತ್ತಾರೆ.

ಐವತ್ತರ ಆಸುಪಾಸಿನ ವೀಬ್ಕೆಗೆ ಹುಟ್ಟಿನಿಂದ ಕಲಿಕೆ ನಿಧಾನ. ಉದ್ದದ ವಾಕ್ಯದ ಕೊನೆ ಮುಟ್ಟುವಷ್ಟರಲ್ಲಿ ಮೊದಲಿನದು ಕೈಜಾರಿರುತ್ತದೆ. ಆಸ್ಪತ್ರೆ, ಕಚೇರಿಗಳ ಹಾಳೆಗಳನ್ನು ಸರಳ ಭಾಷೆಗೆ ತಂದ ಮೇಲೆ ಇಂಥವರೇ ಓದಿ ಒಪ್ಪಬೇಕು. ಒಪ್ಪದೆ ಅವು ಅಚ್ಚಿಗೆ ಹೋಗುವುದಿಲ್ಲ. ಪಕ್ಕದಲ್ಲಿರುವ ಸೆನಾಯಿತ್ ಅಸ್ಮಾರಾದಿಂದ ಬಂದು ಇಲ್ಲಿನ ಭಾಷೆ ಕಲಿಯುತ್ತಿರುವ ತರುಣಿ. ಉದ್ದದ ವಾಕ್ಯಕ್ಕೆ ಆಕೆ ಹೆದರುವುದಿಲ್ಲ. ಇಲ್ಲಿಯವರು ದಿನಬೆಳಗಾದರೆ ಆಡುವ ನುಡಿಗಟ್ಟು ಎದುರಾದರೆ ಮಾತ್ರ ಗಕ್ಕನೆ ನಿಲ್ಲುತ್ತಾಳೆ.

“ನಾನು ಎಡವೋ ಕಡೆ ವೀಬ್ಕೆ ಸಲೀಸಾಗಿ ಹೋಗ್ತಾಳೆ. ಅವಳು ನಿಂತ್ಕೊಳ್ಳೋ ಕಡೆ ನಾನು ಓಡ್ತೀನಿ. ಇಬ್ರೂ ದಾಟಿದ್ರೆ ದಾರಿ ಸರಿ ಇದೆ ಅಂತ ಲೆಕ್ಕ,” ಎಂದು ನಗುತ್ತಾಳೆ.

ಇವತ್ತಿನ ಹಾಳೆ ಆಸ್ಪತ್ರೆಯದು, ಸಾವಿನ ಅಂಚಿನಲ್ಲಿರುವವರ ಮನೆಯವರಿಗಾಗಿ. ರೋಗಿ ಇನ್ನು ಬದುಕುವುದಿಲ್ಲ ಎನ್ನುವುದನ್ನು ಫೋಲ್ಕೆರ್ಟ್ ಮೂರನೆಯ ಸಾಲಿನಲ್ಲಿ ಮೆತ್ತಗೆ ಬರೆದಿದ್ದಾರೆ: ‘ಆರೈಕೆಯ ಗುರಿ ಈಗ ಬದಲಾಗಿದೆ.’

ಇಂಥದೇ ಮಾತನ್ನು ವೀಬ್ಕೆ ಹಿಂದೊಮ್ಮೆ ಅಮ್ಮನ ಹಾಸಿಗೆಯ ಪಕ್ಕದಲ್ಲಿ ಕೇಳಿದ್ದರು. “ಗೊತ್ತಾಯ್ತಾ ಅಂದ್ರು ಡಾಕ್ಟ್ರು. ತಲೆ ಆಡಿಸಿದೆ. ದಡ್ಡಿ ಅನ್ನಿಸ್ಕೋಬಾರದು ಅಂತ ನಮ್ಮಂಥೋರು ಎಲ್ಲದಕ್ಕೂ ತಲೆ ಆಡಿಸ್ತೀವಿ. ಆಮೇಲೆ ಬಸ್ ಹತ್ತಿ ಮನೆಗೆ ಬಂದ್ಬಿಟ್ಟೆ. ಬೆಳಿಗ್ಗೆ ಹೋದಾಗ ಅಮ್ಮ ತೀರ್ಕೊಂಡಿದ್ಲು.”

ಬ್ಯಾಂಕಿನವರ ಹಾಳೆಯ ಮುಂದೆ ಕೋಲೆ ಬಸವನಂತೆ ತಲೆಯಾಡಿಸುವ ನಾವೆಲ್ಲ ಅವರಿಗಿಂತ ಬೇರೆಯೇನಲ್ಲ. ಸೆನಾಯಿತ್ ಈ ಊರಿನ ರೂಢಿಯಂತೆ ಕಲ್ಲುಸಕ್ಕರೆಯ ಮೇಲೆ ಚಹಾ ಬಗ್ಗಿಸಿ, ಕೆನೆ ಬಿಟ್ಟು, ಕಪ್ಪನ್ನು ವೀಬ್ಕೆಯತ್ತ ಸರಿಸುತ್ತಾಳೆ.

“ಸಾಯ್ತಾರೆ ಅಂತಲೇ ಬರೆದ್ರೆ ಒರಟಾಗಲ್ವಾ?” ಫೋಲ್ಕೆರ್ಟ್ ಕೇಳುತ್ತಾರೆ.

“ಆಗುತ್ತೆ. ಅಳು ಬರುತ್ತೆ. ಆದ್ರೆ ಅಮ್ಮನ ಪಕ್ಕದಲ್ಲೇ ಕೂತು ಅಳಬಹುದಲ್ಲ.”

ಫೋಲ್ಕೆರ್ಟ್ ಆ ಸಾಲನ್ನು ತಿದ್ದಿ ಬರೆಯುತ್ತಾರೆ. ‘ನಿಮ್ಮವರು ಬೇಗ ಸಾಯುತ್ತಾರೆ. ಅದು ಇವತ್ತೇ ಆಗಬಹುದು. ನೀವು ಅವರ ಜೊತೆ ಇರಬಹುದು. ರಾತ್ರಿಯೂ ಇರಬಹುದು.’ ವೀಬ್ಕೆ ಎಲ್ಲೂ ನಿಲ್ಲದೆ ಓದುತ್ತಾರೆ. ಸೆನಾಯಿತ್ ಕೂಡ.

ಕೆಲವು ವಾರಗಳ ನಂತರ ನಾನು ಮತ್ತೆ ಹೋದಾಗ, ದೋಣಿ ರಿಪೇರಿ ಮಾಡುವ, ಎನ್ನೋ ಎಂಬ ಹೆಸರಿನವರು ಸೇಬಿನ ಕೇಕ್ ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ. ಓದು ಅವರಿಗೂ ಕಷ್ಟ. ಆ ಹಾಳೆ ಓದಿ, ಆಸ್ಪತ್ರೆಯಲ್ಲಿ ಸಾಯುತ್ತಿದ್ದ ಅಪ್ಪನ ಬಳಿಯೇ ಉಳಿದವರು. ಥ್ಯಾಂಕ್ಸ್ ಹೇಳಲು ವಾರ್ಡಿನಲ್ಲಿ ವಿಳಾಸ ಕೇಳಿಕೊಂಡು ಬಂದಿದ್ದಾರೆ. ಈ ಊರು ವೀಬ್ಕೆಗೆ ಹೇಳದೆ ಉಳಿಸಿಕೊಂಡ ಎಷ್ಟೋ ಥ್ಯಾಂಕ್ಸ್‌ಗಳೂ ಆ ಕೇಕಿನ ಜೊತೆ ಬಂದಂತೆ ನನಗೆ ಸಂತೋಷವಾಗುತ್ತದೆ.

ವೀಬ್ಕೆ ಕೇಕನ್ನು ನೋಡುವುದೇ ಇಲ್ಲ. “ನೀವು ಇದ್ದೀರಿ ಅಂತ ಅಪ್ಪಂಗೆ ಗೊತ್ತಾಯ್ತಾ?”

“ನನ್ನ ಬೆರಳು ಹಿಡ್ಕೊಂಡಿದ್ರು. ಕೊನೇವರೆಗೂ ಬಿಡ್ಲೇ ಇಲ್ಲ.”

ವೀಬ್ಕೆ ತಮ್ಮ ಕೈಯನ್ನೇ ನೋಡಿಕೊಳ್ಳುತ್ತಾರೆ.

“ಹಾಗಾದ್ರೆ ಸರಿ. ನಿಮ್ಮಪ್ಪ ಒಂಟಿಯಾಗಿ ಹೋಗ್ಲಿಲ್ಲ.”