ಅಕ್ಕ ತೆಗೆಸಿಬಿಡು ಎಂದ ದನಿ

ಕೊಬ್ಬರಿ ಚೀಲದ ಬಾಯಿ ಬಿಚ್ಚಿದಾಗ ಮೊದಲು ಮೂಗಿಗೆ ಬಡಿಯುವುದು ಸಿಹಿಯಲ್ಲ. ಮೊದಲು ಗೋಣಿಯ ನಾರು, ಆಮೇಲೆ ಒಣಸಿಪ್ಪೆಯ ಧೂಳು, ಅವೆರಡರ ಹಿಂದಿನಿಂದ ನಿಧಾನವಾಗಿ ಎಣ್ಣೆಯ ಕಮ್ಮನೆಯ ಬಿಸುಪು. ಮೊನ್ನೆ ಬೇಲೂರಿನ ಪೇಟೆಯಲ್ಲಿ ದಿನಸಿಗೆ ನಿಂತಿದ್ದಾಗ ಅಂಗಡಿಯವರು ಅಂಥದೊಂದು ಚೀಲ ಬಿಚ್ಚಿದರು. ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. "ಬೇಳೆ ಕಟ್ಟಿದೀನಿ ಕಣಮ್ಮಾ" ಎಂದು ಅವರು ಕೂಗುತ್ತಿದ್ದರೂ ಬರಿಗೈಯಲ್ಲಿ ಹೊರಬಂದು, ಬಸ್ ಸ್ಟ್ಯಾಂಡಿನವರೆಗೆ ನಡೆದು, ಎಲ್ಲಿಗೂ ಹೋಗಬೇಕಿಲ್ಲವೆಂಬುದು ನೆನಪಾಗಿ ವಾಪಸ್ಸು ಬಂದೆ. ಅಕ್ಕ ಹೋದ ಮೇಲೆ ನನಗೆ ಅಂಟಿಕೊಂಡ ಚಾಳಿ ಇದು. ಕೂತರೆ ಏಳಬೇಕು, ಎದ್ದರೆ ಎಲ್ಲಿಗೋ ಹೋಗಬೇಕು. ಅವಳಿದ್ದಷ್ಟು ದಿನ ಈ ಚಡಪಡಿಕೆಯೆಲ್ಲ ಅವಳದಾಗಿತ್ತು. ಮನೆಯಲ್ಲಿ ಒಬ್ಬರು ಹಾಗಿದ್ದರೆ ಉಳಿದವರು ನೆಮ್ಮದಿಯಾಗಿ ಕೂತಿರಬಹುದು.

ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿಗಳ ಸಾಲಿನ ಹಿಂದೆ ನಮ್ಮ ಮನೆಯಿತ್ತು. ದೊಡ್ಡಪ್ಪ ಮತ್ತು ಅಪ್ಪಾಜಿಯ ಸಂಸಾರಗಳೆರಡೂ ಒಂದೇ ಒಲೆಯ ಅಡುಗೆ ಉಣ್ಣುತ್ತಿದ್ದವು. ಎಲ್ಲರಿಗೂ ಯಜಮಾನಿತಿಯಾಗಿ ಅಜ್ಜಿ, ಎಲ್ಲರ ತಲೆಯ ಮೇಲೆ ಅಟ್ಟ. ಅಟ್ಟದ ತುಂಬ ತೆಂಗಿನಕಾಯಿ. ವರ್ಷವಿಡೀ ಕತ್ತಲಲ್ಲಿ ಕೂತು ಒಳಗಿನ ನೀರೆಲ್ಲ ಇಂಗಿದ ಮೇಲೆ ಕಾಯೊಳಗಿನ ಗಿಟುಕು ಚಿಪ್ಪು ಬಿಟ್ಟು ಲೊಟಲೊಟ ಅನ್ನುತ್ತದೆ. ಅಕ್ಕ ಏಣಿ ಹತ್ತಿ ಒಂದೊಂದೇ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, "ಇದು ಇನ್ನೂ ಮಾತಾಡ್ತಿಲ್ಲ ಕಣೇ" ಎಂದು ಪಕ್ಕಕ್ಕಿಡುತ್ತಿದ್ದಳು. ಅವಳ ಹೆಸರು ದಾಕ್ಷಾಯಿಣಿ. ನನಗಿಂತ ತುಸುವೇ ದೊಡ್ಡವಳಾದರೂ ಮನೆಯ ಸದ್ದೆಲ್ಲ ಅವಳದೇ. ರೈಲ್ವೆ ಕ್ವಾರ್ಟರ್ಸ್ ಪಕ್ಕದ ಅಂಕಣದಲ್ಲಿ ಬ್ಯಾಸ್ಕೆಟ್‌ಬಾಲ್ ಆಡುವವರನ್ನು ನೋಡಿ ಬಂದವಳು ಹಟ ಹಿಡಿದಳು. ದೊಡ್ಡಪ್ಪ ಹಳೇ ಡ್ರಮ್ಮಿನ ಕಬ್ಬಿಣದ ಬಳೆಯೊಂದನ್ನು ಹಜಾರದ ಎದುರು ಗೋಡೆಗೆ ಹೊಡೆಸಿಕೊಟ್ಟರು. ಅಂದಿನಿಂದ ನಮಗೆ ಶಾಂತಿಯಿಲ್ಲ. ಚೆಂಡು ಗೋಡೆಗೆ ಬಡಿದಾಗಲೆಲ್ಲ ಅಟ್ಟದಿಂದ ಸಣ್ಣಗೆ ಧೂಳು ಉದುರಿ ಅಪ್ಪಾಜಿಯ ಊಟದ ತಟ್ಟೆಗೆ ಬೀಳುತ್ತಿತ್ತು. "ಏ ದಾಕ್ಷೀ, ಇದೇನು ಮನೆಯೋ ಬಯಲೋ?" ಎಂದು ಅವರು ಗದರುತ್ತಿದ್ದರು. ಅವಳು ಚೆಂಡನ್ನು ನಿಲ್ಲಿಸಿ, ಅದೇ ಲಯವನ್ನು ಬೆರಳುಗಳಿಂದ ಕಂಬದ ಮೇಲೆ ಮುಂದುವರಿಸುತ್ತಿದ್ದಳು.

ಹಾಡು ಅವಳಿಗೆ ಅಜ್ಜಿಯಿಂದ ಬಂತು. ಹಳೇಬೀಡಿನಿಂದ ಸೊಸೆಯಾಗಿ ಬಂದ ಅಜ್ಜಿ ಮಿಲ್ಲಿನ ಹಿಟ್ಟು ಒಗ್ಗದೆ, ತನ್ನ ಪಾಲಿನ ರಾಗಿಯನ್ನು ತಾನೇ ಬೀಸಿಕೊಳ್ಳುತ್ತಿದ್ದಳು. ಬೀಸುವಾಗ ಅರ್ಧ ಹಾಡು, ಅರ್ಧ ಗುನುಗು. ಮಾತು ಮರೆತ ಕಡೆ ಕಲ್ಲಿನ ಗರಗರವೇ ಸಾಲು ತುಂಬುತ್ತಿತ್ತು. ಅಕ್ಕ ಕಲ್ಲಿನ ಗೂಟಕ್ಕೆ ಕೈಗೂಡಿಸಿ, ಅಜ್ಜಿ ಉಸಿರೆಳೆದುಕೊಳ್ಳುವ ಜಾಗದಲ್ಲಿ ತಾನೂ ಎಳೆದುಕೊಂಡು ಹಾಡುತ್ತಿದ್ದಳು. ಮುಂದೆ ಅಪ್ಪಾಜಿಯ ಮೊಬೈಲಿನಲ್ಲಿ ಆ ಹಾಡನ್ನು ಹಿಡಿದಿಟ್ಟವಳೂ ಅವಳೇ. "ನನ್ ಗೊಗ್ಗರು ಗಂಟ್ಲು ಯಾರ್ ಕೇಳ್ತಾರೆ ಬಿಡೇ" ಎಂದು ಅಜ್ಜಿ ನಕ್ಕದ್ದೂ ಅದರಲ್ಲೇ ಸೇರಿಕೊಂಡಿತ್ತು. ಅಪ್ಪಾಜಿಗೆ ಮಾತ್ರ ಇದೊಂದೂ ಹಿಡಿಸುತ್ತಿರಲಿಲ್ಲ. ಅಕ್ಕ ಜಿಲ್ಲೆಗೆ ಆಡಿದಾಗಲೂ ಅವರು ನೋಡಲು ಬರಲಿಲ್ಲ. ಮೈಸೂರಿನಲ್ಲಿ ಓದು ಮುಗಿಸಿ, ಮದುವೆಗಳಿಗೆ ಕ್ಯಾಮೆರಾ ಹಿಡಿದು, ಸಣ್ಣಸಣ್ಣ ಸಿನಿಮಾ ಮಾಡತೊಡಗಿದಾಗಲೂ ಅಷ್ಟೇ. "ಮಗಳು ಏನ್ಮಾಡ್ತಾಳೆ ಗಂಗಣ್ಣ?" ಎಂದು ಮಂಡಿಯಲ್ಲಿ ಯಾರಾದರೂ ಕೇಳಿದರೆ "ಮೈಸೂರಲ್ಲಿದಾಳೆ" ಎನ್ನುತ್ತಿದ್ದರು. ಅದು ಕೇಳಿದ ಪ್ರಶ್ನೆಗೆ ಉತ್ತರವಲ್ಲ.

ಅಜ್ಜಿ ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ಪಾಲಾದರು. ಜಗಳವೇನೂ ಆಗಲಿಲ್ಲ, ಆಗಿದ್ದರೆ ಮನೆ ಇನ್ನಷ್ಟು ದಿನ ಉಳಿಯುತ್ತಿತ್ತೋ ಏನೋ. ಈಗ ಅಲ್ಲಿ ಮೂರಂತಸ್ತಿನ ಕಾಂಪ್ಲೆಕ್ಸು. ನಿಮಗೂ ಅಂಥದೊಂದು ಮನೆ ಇದ್ದೀತು. ಅದರ ಮುಂದೆ ಹಾಯುವಾಗ ನೀವೂ ಮುಖ ತಿರುಗಿಸಿಕೊಂಡೇ ನಡೆಯುತ್ತಿರಬಹುದು. ಕೆಡವುವ ಮುಂಚೆ ಎಲ್ಲರೂ ಅಕ್ಕನಿಗೆ ಹೇಳಿದರು: ಕ್ಯಾಮೆರಾ ಇದೆಯಲ್ಲ, ಮನೆಯದೊಂದು ಸಿನಿಮಾ ತೆಗಿ. ಅವಳು ಖಾಲಿ ಹಜಾರದಲ್ಲಿ ಒಂದು ಸುತ್ತು ಬಂದು, "ಖಾಲಿ ಗೋಡೆ ತಗೊಂಡು ಏನ್ಮಾಡ್ಲಿ? ಜನ ಎಲ್ಲಿದಾರೆ ಇಲ್ಲಿ?" ಎಂದು ಹೊರಟೇಬಿಟ್ಟಳು. ಹೊರಟವಳು ಅದೇ ತಿಂಗಳು ಜನರನ್ನು ಹುಡುಕಿಕೊಂಡಳು, ಜಾವಗಲ್ಲಿನಲ್ಲಿ.

ನಾನು ಆಗಲೇ ಬೇಲೂರಿನಲ್ಲಿದ್ದೆ. ನನ್ನನ್ನು ನೋಡಲು ಅರಸೀಕೆರೆಯಿಂದ ಬರುತ್ತಿದ್ದಾಗ ಅವಳ ಬಸ್ಸು ಜಾವಗಲ್ಲಿನಲ್ಲಿ ಕೆಟ್ಟು ನಿಂತಿತಂತೆ. ಹೈಸ್ಕೂಲಿನ ಬಯಲಲ್ಲಿ ಹೆಣ್ಣುಮಕ್ಕಳು ಹರಿದ ಚೆಂಡೊಂದನ್ನು ಎಸೆದಾಡುತ್ತಿದ್ದರು. ಅಕ್ಕ ಇಳಿದು ಅವರ ಜೊತೆ ಆಡಿದಳು. ಬಸ್ಸು ರಿಪೇರಿಯಾಗಿ ಹೋಯಿತು, ಇವಳು ಅಲ್ಲೇ ಉಳಿದಳು. ಮುಂದಿನ ವಾರದಿಂದ ಬ್ಯಾಸ್ಕೆಟ್‌ಬಾಲ್ ಪಾಠ, ಆಮೇಲೆ ಮೆಲ್ಲಗೆ ಕ್ಯಾಮೆರಾ. ಬೆಳಗಿನ ಹೊತ್ತು ಅವರನ್ನು ಹಳೇಬೀಡಿಗೆ ಕರೆತಂದು ಕೆರೆ ಏರಿಯ ಮೇಲೆ ಓಡಿಸುತ್ತಿದ್ದಳು. ತಾನೂ ಕ್ಯಾಮೆರಾ ಹಿಡಿದು ಹಿಮ್ಮುಖವಾಗಿ ಓಡುತ್ತಿದ್ದಳು. ಅವರಲ್ಲೆಲ್ಲ ಚುರುಕಾದವಳು ಸವಿತಾ. ಅವಳ ತಾಯಿ ಜಯಮ್ಮ ಸಿನಿಮಾ ಎಂದ ಕೂಡಲೇ ಮಗಳನ್ನು ಮನೆಯಲ್ಲಿ ನಿಲ್ಲಿಸಿಕೊಂಡರು. ಅವತ್ತು ನಾನೂ ಅಕ್ಕನ ಜೊತೆಗಿದ್ದೆ. ಜಗಲಿಯ ಮೇಲೆ ಅವರೆಕಾಯಿಯ ರಾಶಿಯಿತ್ತು. ಅಕ್ಕ ಕೂತು ಸುಲಿಯತೊಡಗಿದಳು. ಒಂದು ಕಡೆ ಕೂರಲಾರದವಳು ಆ ಮಧ್ಯಾಹ್ನವೆಲ್ಲ ಕೂತೇ ಇದ್ದಳು.

ಕೊನೆಗೆ ಜಯಮ್ಮನೇ ಬಾಯಿಬಿಟ್ಟರು. "ಆಡ್ಲವ್ವ, ಆಡಕ್ಕೆ ನಂದೇನ್ ತಕರಾರಿಲ್ಲ. ಪಿಚ್ಚರ್ ಬ್ಯಾಡ. ನಾಳೆ ಗಂಡಿನ ಕಡೇರು ಬಂದು ಕೇಳುದ್ರೆ ಏನ್ ಹೇಳ್ಲಿ?"

"ಏನೂ ಹೇಳ್ಬೇಡಿ. ಪಿಚ್ಚರ್ ತೋರ್ಸಿ. ನೋಡಿ ಹೆದ್ರಿಕೊಂಡ್ರೆ ಅಂಥ ಗಂಡು ನಮಗೆ ಬೇಡ."

ಜಯಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಆಮೇಲೆ, "ಕಡೇಗಂಟ ನೀನೇ ಜೊತೇಲಿರ್ತೀಯ?" ಎಂದು ಕೇಳಿದರು.

"ಇರ್ತೀನಿ ಕಣ್ರೀ."

ಬೇಲೂರಿನಲ್ಲಿ ನಡೆದ ಪಂದ್ಯವೇ ಸಿನಿಮಾದ ಕೊನೆಯ ಭಾಗ. ಯಾರು ಗೆಲ್ಲುತ್ತಾರೋ ಗೊತ್ತಿಲ್ಲದೆ ಕಥೆ ಬರೆಯುವುದು ಹೇಗೆಂದು ನಾನು ಕೇಳಿದ್ದಕ್ಕೆ, "ಗೊತ್ತಿದ್ರೆ ಯಾಕೆ ತೆಗೀಬೇಕು?" ಎಂದಿದ್ದಳು. ನಮ್ಮ ಹುಡುಗಿಯರು ಹೀನಾಯವಾಗಿ ಸೋತರು. ಆದರೆ ಪಂದ್ಯ ಮುಗಿಯುವ ಹೊತ್ತಿಗೆ ಸವಿತಾ ಚೆಂಡು ಕಸಿದುಕೊಂಡು ಅಂಕಣದ ಈ ತುದಿಯಿಂದ ಆ ತುದಿಗೆ ಒಬ್ಬಳೇ ಓಡಿದಳು. ಪಕ್ಕದಲ್ಲಿ ಕ್ಯಾಮೆರಾ ಹೊತ್ತು ಓಡುತ್ತಿದ್ದ ಅಕ್ಕ ತಾನು ಯಾರೆಂಬುದನ್ನೇ ಮರೆತು ಕೂಗಿದಳು: "ಓಡೇ ಸವಿತಾ! ಹಿಂದೆ ನೋಡ್ಬೇಡ ಕಣೇ! ನಿಂದೇ ಅದು, ನಿಂದೇ!" ಚೆಂಡು ಬಳೆಯೊಳಗೆ ಬಿತ್ತು. ಸೋಲೇನೂ ತಪ್ಪಲಿಲ್ಲ. ಸಂಜೆ ನಮ್ಮ ಮನೆಯಲ್ಲಿ ಅದನ್ನು ಹಾಕಿ ನೋಡಿದವಳು ತಲೆ ಚಚ್ಚಿಕೊಂಡಳು. ಚಿತ್ರದ ತುಂಬ ಇವಳದೇ ಕೂಗು.

ಅದಾದ ಸ್ವಲ್ಪ ದಿನಕ್ಕೆ ಜ್ವರ ಬಂತು. ಮಾತ್ರೆ ನುಂಗಿ ಎರಡು ದಿನ ಓಡಾಡಿದಳು. ಡೆಂಗ್ಯೂ ಎಂದು ಗೊತ್ತಾಗಿ ಹಾಸನದ ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ಮೈ ಸೋತಿತ್ತು. ಬೆರಳುಗಳು ಮಾತ್ರ ಮಂಚದ ಕಬ್ಬಿಣದ ಮೇಲೆ ಏನನ್ನೋ ನುಡಿಸುತ್ತಲೇ ಇದ್ದವು. "ನನ್ ಕೂಗಾಟ ತೆಗೆಸ್ಬಿಡೇ," ಎಂದಳು. "ಆಟ ಅವರದು. ನೋಡೋರಿಗೆ ನಾನು ಕೇಳಿಸ್ಬಾರ್ದು. ಆ ಜಾಗಕ್ಕೆ ಅಜ್ಜಿ ಹಾಡು ಹಾಕ್ಸು." ನೀನೇ ಬಂದು ತೆಗೆಸುವಿಯಂತೆ ಎಂದೆ ನಾನು. ಮಾರನೆಯ ಬೆಳಗ್ಗೆ ಆ ಬೆರಳುಗಳೂ ನಿಂತವು.

ಮೈಸೂರಿನಲ್ಲಿ ಅಕ್ಕನ ಗೆಳೆಯ ಇಮ್ರಾನ್ ಸಿನಿಮಾವನ್ನು ಜೋಡಿಸುತ್ತಿದ್ದ. ನಾನು ಹೊರಟಾಗ ಅಪ್ಪಾಜಿ ಚಪ್ಪಲಿ ಮೆಟ್ಟಿಕೊಂಡು, "ನಾನೂ ಬತ್ತೀನಿ" ಎಂದರು. ಆ ಪುಟ್ಟ ಕತ್ತಲ ಕೋಣೆಯಲ್ಲಿ ಮಗಳು ಮಾಡಿದ್ದನ್ನು ಅವರು ನೋಡಿದ್ದು ಅದೇ ಮೊದಲು. ಕೂಗು ಬಂದ ಕೂಡಲೇ ಎದ್ದು ನಿಂತರು. ದನಿ ಬರುತ್ತಿದ್ದ ಸ್ಪೀಕರಿನ ಮೇಲೆ ಅಂಗೈ ಇಟ್ಟು, "ಇನ್ನೊಂದ್ಸಲ ಹಾಕಪ್ಪ," ಎಂದರು. ಇಮ್ರಾನ್ ಹಾಕಿದ. ಮತ್ತೆ ಹಾಕಿದ. ಆಮೇಲೆ ನನ್ನ ಮುಖ ನೋಡಿದ. ಹೇಳದೆ ವಿಧಿಯಿರಲಿಲ್ಲ; ಅಕ್ಕ ಹೇಳಿದ್ದನ್ನು ಹೇಳಿದೆ. ಅಪ್ಪಾಜಿ ಸ್ಪೀಕರಿನ ಮೇಲಿಂದ ಕೈ ತೆಗೆಯಲಿಲ್ಲ. ಇದೊಂದಾದರೂ ನನಗೆ ಇರಲಿ ಎಂದು ಅವರು ಕೇಳಿದ್ದರೆ ನಾವಿಬ್ಬರೂ ಒಪ್ಪಿಬಿಡುತ್ತಿದ್ದೆವು.

"ಪಿಚ್ಚರ್ ಅವಳ್ದು," ಎಂದರು ಕೊನೆಗೆ. "ಅವಳು ಹೇಳ್ದಂಗೇ ಆಗ್ಲಿ. ತೆಗಿ."

ಜಾವಗಲ್ಲಿನ ಶಾಲೆಯ ಹಾಲ್‌ನಲ್ಲಿ, ಕಿಟಕಿಗಳಿಗೆ ಗೋಣಿತಟ್ಟು ಕಟ್ಟಿ, ಹಗಲು ಹೊತ್ತಿನಲ್ಲೇ ಸಿನಿಮಾ ತೋರಿಸಿದೆವು. ಹುಡುಗಿಯರು ಮುಂದೆ ನೆಲದ ಮೇಲೆ, ಹಿಂದೆ ಬೆಂಚುಗಳಲ್ಲಿ ಊರು. ಜಯಮ್ಮ ಬಾಗಿಲ ಬಳಿ ನಿಂತೇ ಇದ್ದರು. ಕೆರೆ ಏರಿ ಬಂತು, ಎಲ್ಲರೂ ನಕ್ಕರು. ಬೇಲೂರಿನ ಅಂಕಣ ಬಂತು. ಸವಿತಾ ಓಡತೊಡಗಿದಳು, ಅಜ್ಜಿಯ ಹಾಡು ಶುರುವಾಯಿತು, ಅಕ್ಕ ಕೇಳಿಸಲಿಲ್ಲ. ಅವಳು ಬಯಸಿದ್ದು ಸರಿಯಾಗಿಯೇ ಇತ್ತು. ನನಗೆ ಮಾತ್ರ ಎದ್ದು ಹೊರಗೆ ಓಡಿಹೋಗಬೇಕೆನಿಸಿತು. ಅಷ್ಟರಲ್ಲಿ ಮುಂದಿನ ಸಾಲಿನಿಂದ ಯಾವುದೋ ಹುಡುಗಿ ಕೂಗಿದಳು: "ಓಡೇ ಸವಿತಾ!" ಇನ್ನೊಬ್ಬಳು, "ಹಿಂದೆ ನೋಡ್ಬೇಡ ಕಣೇ!" ಆಮೇಲೆ ಎಲ್ಲರೂ ಒಟ್ಟಿಗೆ, ಅಕ್ಕ ಎಳೆದಂತೆಯೇ ಎಳೆದು, "ನಿಂದೇ ಅದು, ನಿಂದೇ!" ಸವಿತಾ ಮಾತ್ರ ಮೊಣಕಾಲ ನಡುವೆ ಮುಖ ಹುದುಗಿಸಿಕೊಂಡಿದ್ದಳು. ಬಾಗಿಲಲ್ಲಿದ್ದ ಜಯಮ್ಮ ಜನರ ನಡುವೆ ದಾರಿ ಮಾಡಿಕೊಂಡು ಹೋಗಿ ಮಗಳ ಪಕ್ಕ ನೆಲದ ಮೇಲೆ ಕೂತರು.

ಮುಗಿದ ಮೇಲೆ ನಾನೂ ಅಪ್ಪಾಜಿಯೂ ಶಾಲೆಯ ಗೇಟಿನ ಬಳಿ ಬಸ್ಸಿಗೆ ಕಾದು ನಿಂತೆವು. ಅರಸೀಕೆರೆ ಬಸ್ಸು ತಪ್ಪೀತೆಂದು ಅವರು ಸದಾ ಮುಂಚೆಯೇ ಬಂದು ನಿಲ್ಲುವವರು. ಬಯಲಿನಲ್ಲಿ ಹುಡುಗಿಯರು ಆಗಲೇ ಆಟಕ್ಕಿಳಿದಿದ್ದರು. ಅಪ್ಪಾಜಿ ಸ್ವಲ್ಪ ಹೊತ್ತು ನೋಡಿ, ಚಪ್ಪಲಿ ಬಿಟ್ಟು ಬಯಲೊಳಗೆ ನಡೆದರು. ಸವಿತಾಳನ್ನು ಹತ್ತಿರ ಕರೆದು, "ಈ ಆಟ ಹೆಂಗವ್ವಾ? ನಂಗೊಸಿ ಹೇಳಿಕೊಡು," ಎಂದರು. ಅವಳು ಕಣ್ಣೊರೆಸಿಕೊಂಡು, ಕಡ್ಡಿಯಿಂದ ಮಣ್ಣಿನಲ್ಲಿ ಗೆರೆ ಎಳೆದು ಹೇಳತೊಡಗಿದಳು. ಅಪ್ಪಾಜಿ ಮೊಣಕಾಲ ಮೇಲೆ ಕೈಯೂರಿ ಬಗ್ಗಿ, ಗೆರೆಗಳನ್ನೇ ನೋಡುತ್ತ ಹೂಂಗುಟ್ಟುತ್ತಿದ್ದರು. ಬಸ್ಸು ಬಂತು, ಹಾರ್ನ್ ಮಾಡಿತು, ಕಾದು ಹೊರಟಿತು. ಅವರು ತಲೆಯೆತ್ತಲಿಲ್ಲ. ನಾನೂ ಕರೆಯಲಿಲ್ಲ.