ಹವಾಲ್ದಾರನ ತಾಟಿಗೆ ಬಿದ್ದ ರೊಟ್ಟಿ

ಮೊನ್ನೆ ಚಿಕ್ಕೋಡಿಯ ನಮ್ಮ ಗಲ್ಲಿಗೆ ಒಬ್ಬ ಪೊಲೀಸ್ ಹುಡುಗಿ ಬಂದಿದ್ದಳು. "ಏನರ ಸಂಶೇ ಬಂದ್ರ ತಿಳಸ್ರಿ ಅವ್ವಾರ" ಅನ್ನುತ್ತ ಮನೆಮನೆಯ ಬಾಗಿಲಿಗೆ ಠಾಣೆಯ ನಂಬರಿನ ಚೀಟಿ ಅಂಟಿಸುತ್ತಿದ್ದಳು. ಬಿಸಿಲಿಗೆ ಮುಖ ಕೆಂಪಾಗಿತ್ತು, ಪಾಪ. ಒಳಗೆ ಕರೆದು ಕೂಡಿಸಿ, ಶುಂಠಿ ಹಾಕಿದ ಚಹಾ ಕೊಟ್ಟೆ, ಜೊತೆಗೆ ಎರಡು ಖಾರಿ ಬಿಸ್ಕೀಟು. ಆಕೆ ಏನೇನೋ ಕೇಳಿದಳು, ನಾನು ಸುಮ್ಮನೆ ತಲೆ ಅಲ್ಲಾಡಿಸಿದೆ. ನನ್ನನ್ನು ಬಲ್ಲವರು ಇದನ್ನು ನಂಬಲಿಕ್ಕಿಲ್ಲ. ಬಸ್ಸಿನಲ್ಲಿ ಪಕ್ಕ ಕೂತವರ ಸೊಸೆಯ ತವರು ಯಾವುದು ಅಂತ ಅಥಣಿ ಬರುವುದರೊಳಗೆ ತಿಳಿದುಕೊಳ್ಳುವ ಹೆಂಗಸು ನಾನು. ಹೇಳಲಿಕ್ಕೆ ಸುದ್ದಿಯೂ ಇತ್ತು ನೋಡ್ರಿ: ಗಲ್ಲಿಯ ಮೂಲೆಯ ನಾಯಿ ಬೆಳಗ್ಗೆ ಬಾಯಲ್ಲಿ ನೊರೆ ಬಿಟ್ಟು ಸತ್ತು ಬಿದ್ದಿತ್ತು. ಹೇಳಲಿಲ್ಲ. ಆಕೆ ಚಹಾ ಊದಿ ಊದಿ ಕುಡಿಯುವಾಗ ಹೊಳೆಯಿತು, ಅಯ್ಯ, ಇದು ನಮ್ಮ ಅತ್ತಿಯ ಪದ್ಧತಿ!

ನಾನು ನಿಪ್ಪಾಣಿಯ ತಂಬಾಕಿನ ಘಾಟಿನಲ್ಲಿ ಬೆಳೆದವಳು. ಅರ್ಧ ಮರಾಠಿ, ಅರ್ಧ ಕನ್ನಡ, ಸಿಟ್ಟು ಮಾತ್ರ ಪೂರ್ತಿ. ಎಂಬತ್ತರ ದಶಕದ ಕೊನೆಗೆ ಐನಾಪುರದ ಕಡೆ, ಕುರಿ ಸಾಕುವ ಮನೆಗೆ ಕೊಟ್ಟರು. ಮೊದಮೊದಲು ಉಟ್ಟ ಸೀರೆಯಲ್ಲೂ ಕುರಿಯ ವಾಸನೆ, ಕುಡಿವ ನೀರಿನಲ್ಲೂ ಕುರಿಯ ವಾಸನೆ ಅಂತ ಮೂಗು ಮುರಿಯುತ್ತಿದ್ದೆ. ವರ್ಷ ಕಳೆದ ಮೇಲೆ ತವರಿಗೆ ಹೋದರೆ ನಿದ್ದೆ ಹತ್ತುತ್ತಿರಲಿಲ್ಲ, ಆ ವಾಸನೆ ಇಲ್ಲ ಅಂತ! ಮಾವ ಕುರಿಯ ಹಿಂದೆ ನಡೆಯುತ್ತಲೇ ಕದರು ತಿರುಗಿಸಿ ಉಣ್ಣೆ ನೂಲುತ್ತಿದ್ದರು. ಅವರ ಕಣ್ಣು ಹಿಂಡಿನ ಮೇಲೆ, ಕೈ ತನ್ನಷ್ಟಕ್ಕೆ ತಾನು. ಹೊಸ ಸೊಸೆಗೆ ಅಂತ ನೂತ ಎಳೆಯಿಂದ ನನಗೊಂದು ಕಂಬಳಿ ನೇಯಿಸಿಕೊಟ್ಟಿದ್ದರು. ಈಗಲೂ ಚಳಿಗಾಲಕ್ಕೆ ಅದೇ ಬೇಕು.

ಊರ ಹೊರಗಿನ ಠಾಣೆಯ ಹವಾಲ್ದಾರ ರಾಯಬಾಗದ ಕಡೆಯವನು. ಹೆಂಡತಿ ಮಕ್ಕಳು ಅಲ್ಲೇ. ಸೈಕಲ್ ತುಳಿದು ಬಂದರೆ ನಮ್ಮ ಮನೆಯಲ್ಲೇ ಊಟ. ಹಸಿದವನನ್ನು ಹಾಗೇ ಕಳಿಸಿದರೆ ಕುರಿಯ ಹಾಲು ಬತ್ತುತ್ತದೆ ಅನ್ನುವುದು ಅತ್ತಿಯ ನಂಬಿಕೆ. ಕಡಲೆಹಿಟ್ಟಿನ ಜುಣಕ, ರೊಟ್ಟಿ, ಮೇಲೆ ಮಜ್ಜಿಗೆ. "ಯವ್ವಾ, ನಿನ್ನ ರೊಟ್ಟಿ ಸಲವಾಗೆ ವರ್ಗ ಮಾಡಿಸ್ಕೊಳ್ಳಾಕತ್ತಿಲ್ಲ ನೋಡ" ಅನ್ನುತ್ತಿದ್ದ. ಒಳ್ಳೆಯ ಮನುಷ್ಯ. ಇಲ್ಲೇ ನನಗೆ ತಲೆ ಕೆಡುವುದು.

ಒಂದು ದಿನ ಅತ್ತಿಯೊಬ್ಬಳೇ ಇದ್ದಾಗ ಕುರಿ ಕೊಳ್ಳುವ ನೆಪದಲ್ಲಿ ಅಪರಿಚಿತನೊಬ್ಬ ಹಟ್ಟಿಗೆ ಬಂದ. ಒಂದು ಕುರಿಯ ಬಾಯಿ ತೆರೆದು ಹಲ್ಲು ನೋಡಲಿಲ್ಲ, ಬೆನ್ನು ಹಿಚುಕಲಿಲ್ಲ, ಚೌಕಾಸಿಯಂತೂ ಇಲ್ಲವೇ ಇಲ್ಲ. ಸಂತೆಗೆ ಗಂಡಸರು ಎಷ್ಟೊತ್ತಿಗೆ ಹೋಗುತ್ತಾರೆ ಅಂತ ಮಾತ್ರ ಕೇಳಿ ಹೋದ. ಅದಾದ ಮೇಲೆ ನಮ್ಮ ನಾಯಿ ಮೋತ್ಯಾ ಬಾಯಲ್ಲಿ ನೊರೆ ಬಿಟ್ಟು ಸತ್ತಿತು. ಅತ್ತಿ ಸೆರಗು ಸಿಕ್ಕಿಸಿ ಎದ್ದಳು. ಮ್ಯಾಟ್ರಿಕ್ ಓದಿದವಳು ಅಂತ ನನ್ನನ್ನೂ ಎಳೆದುಕೊಂಡು ಠಾಣೆಗೆ ಹೋದಳು.

"ಯವ್ವಾ, ನಾಯಿ ಸತ್ತದ್ದಕ್ಕ ಪಂಚನಾಮೆ ಬರದ್ರ ಸಾಹೇಬ್ರು ನನ್ನ ಟೊಪಗಿ ಕಸಗೋತಾರ" ಅಂದ ಹವಾಲ್ದಾರ. ಅಲ್ಲಿದ್ದವರೆಲ್ಲ ಹೊಟ್ಟೆ ಹಿಡಿದು ನಕ್ಕರು.

"ನಾಯಿ ಸಲವಾಗಿ ಬಂದಿಲ್ಲಪಾ. ನಾಯಿ ಕೊಂದಂವ ಮತ್ತ ಬರ್ತಾನ. ಸಂತಿ ದಿನ ಒಬ್ಬರನ್ನ ಕಳಸು" ಅಂದಳು ಅತ್ತಿ.

"ಆತು, ಕಳಸ್ತೇನಿ. ಹೋಗಿ ರೊಟ್ಟಿ ಬಡಿ ಹೋಗ."

ಸಂತೆಯ ದಿನ ಯಾರೂ ಬರಲಿಲ್ಲ. ಬಂದದ್ದು ಟೆಂಪೊ, ಅದೂ ಹಾಡಹಗಲೇ. ಹಟ್ಟಿಯಲ್ಲಿ ಮಾವ ಒಬ್ಬರೇ. ಅಡ್ಡ ಹೋದರು, ಕಳ್ಳರು ಅವರ ಬಲಗೈಗೆ ಸಲಾಕೆಯಿಂದ ಹೊಡೆದರು. ಮಜ್ಜಿಗೆ ಒಯ್ದಿದ್ದ ಅತ್ತಿ ಎಲ್ಲವನ್ನೂ ಕಣ್ಣಾರೆ ಕಂಡಳು. ನಾವು ಓಡಿ ಹೋದಾಗ ಹಟ್ಟಿ ಖಾಲಿ. ಮುಳ್ಳಿನ ಬೇಲಿಗೆ ಅಲ್ಲಲ್ಲಿ ಉಣ್ಣೆ ಸಿಕ್ಕಿಕೊಂಡಿತ್ತು. ಮಾವನ ಬೆರಳು ಮತ್ತೆ ಮಡಚಲಿಲ್ಲ. ಕದರು ಗೂಟ ಸೇರಿತು.

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಅನ್ನುತ್ತಾರಲ್ಲ, ಆಮೇಲೆ ಜೀಪಿನ ಮೇಲೆ ಜೀಪು. ಯಾರೋ ಒಬ್ಬನನ್ನು ಹಿಡಿದು ತಂದು, ಮಾವ ಕೈಯ ನೋವಿಗೆ ಜ್ವರ ಬಂದು ಮಲಗಿದ್ದರಿಂದ, ಗುರುತು ಹಿಡಿಯಲಿಕ್ಕೆ ಅತ್ತಿಯನ್ನು ಕರೆಸಿದರು. ನಾನೂ ಜೊತೆಗೆ ಹೋದೆ. ಅವನನ್ನು ನೋಡಿದ್ದೇ ಅತ್ತಿಯ ಉಗುರು ನನ್ನ ಮುಂಗೈಗೆ ಇಳಿಯಿತು.

"ಗೊತ್ತಿಲ್ರಿ" ಅಂದಳು.

"ಸರಿಯಾಗಿ ನೋಡಬೇ. ನೀ ಹೂಂ ಅಂದ್ರ ಕೇಸ ನಿಲ್ಲತೈತಿ" ಅಂದರು ಫೌಜದಾರ ಸಾಹೇಬರು.

"ಹೇಳೂದೆಲ್ಲಾ ಮೊದಲ ಹೇಳೇನ್ರಿ."

ಅವನನ್ನು ಬಿಟ್ಟುಬಿಟ್ಟರು. ದಾರಿಯುದ್ದಕ್ಕೂ ನಾನು ಕುದ್ದೆ. "ಅತ್ತೀ, ಅಂವನ ಹೌದೋ ಅಲ್ಲೋ, ಅಷ್ಟರ ಹೇಳ್ರಿ!" "ರೊಟ್ಟಿ ಬಡಿಯೂದೈತಿ, ಲಗೂ ನಡಿ" ಅಂದಳು. ರಾತ್ರಿ ಊಟಕ್ಕೆ ಕೂತಾಗ ಮಾವನೂ ಒಂದು ಸಲ ಕೇಳಿದರು, "ಅಂವನ ಏನ?" ಅತ್ತಿ ತುತ್ತು ಮಾಡಿ ಅವರ ಬಾಯಿಗಿಟ್ಟಳು. ಕೈ ಮುರಿಸಿಕೊಂಡ ಗಂಡನಿಗೂ ಹೇಳಲಿಲ್ಲ ಅಂದರೆ ಏನನ್ನಬೇಕು? ಗುರುತು ಹಿಡಿದೂ ಸುಳ್ಳು ಹೇಳಿದಳೋ, ಅವನು ಬೇರೆಯವನೇ ಆಗಿದ್ದನೋ, ಮತ್ತೆ ಬಂದಾರು ಅಂತ ಹೆದರಿದಳೋ? ಹಾಗಾದರೆ ಆ ಉಗುರು? ಇಷ್ಟು ವರ್ಷವಾದರೂ ನನಗೆ ಬಗೆಹರಿದಿಲ್ಲ.

ಕೆಲವು ದಿನದ ಮೇಲೆ ಹವಾಲ್ದಾರ ಬಂದ. ಇವನಿಗೆ ಬೂದಿ ಬಡಿಸುತ್ತಾಳೆ ಅಂತ ನಾನು ಕಾಯ್ದೆ. ಎಲ್ಲಿದು! ಅದೇ ತಾಟು, ಅದೇ ಜುಣಕ. ಅವನು ರೊಟ್ಟಿ ಮುರಿದು ಹಾಗೇ ಇಟ್ಟ. "ಸಾಹೇಬ್ರಿಗೆ ಹೇಳಿದ್ನೆವ್ವಾ. ಖರೇನ ಹೇಳಿದ್ದೆ. ಅವರೂ ನಕ್ರು" ಅಂದ. ಅತ್ತಿ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ಅವನ ವರ್ಗವಾಗುವ ತನಕ ಹೀಗೇ ನಡೆಯಿತು. ಬಂದಾಗಲೆಲ್ಲ ಹೊಟ್ಟೆ ತುಂಬ ಉಣಿಸಿದಳು, ಒಂದು ಮಾತು ಆಡಲಿಲ್ಲ. ಅದು ಕ್ಷಮೆಯೋ ಶಿಕ್ಷೆಯೋ ದೇವರೇ ಬಲ್ಲ. ಅವನು ಹೇಳಿದ್ದು ಖರೆಯೋ ಸುಳ್ಳೋ, ಅದೂ ತಿಳಿಯಲಿಲ್ಲ.

ಊರಿಗೂ ಅದೇ ರೂಢಿಯಾಯಿತು. ಬಾವಿಯ ಮೋಟರು ಕದ್ದು ಹೋಗಲಿ, ಎತ್ತು ಹೋಗಲಿ, ಯಾರೂ ಠಾಣೆಯ ಮೆಟ್ಟಿಲು ಹತ್ತಲಿಲ್ಲ. "ಕೊಕಟನೂರ ಗುಡ್ಯಾಗಿನ ಯಲ್ಲವ್ವಗ ಹೇಳಿದ್ರಾತು. ಆಕಿ ಕೊಡ್ತಾಳೋ ಬಿಡ್ತಾಳೋ, ನಗೂದಂತೂ ಇಲ್ಲ" ಅನ್ನುತ್ತಿದ್ದಳು ಅತ್ತಿ. ಮಾವ ಹೋದರು, ಅವರ ಹಿಂದೆ ಅತ್ತಿಯೂ ಹೋದಳು, ಆಮೇಲೆ ನಾವು ಚಿಕ್ಕೋಡಿ ಸೇರಿದೆವು. ಕೊನೆಯ ದಿನಗಳಲ್ಲಿ ಕೇಳಿಬಿಡಬೇಕು ಅಂತ ಬಾಯಿಯ ತನಕ ಬಂದಿತ್ತು. ಆಕೆ ನನ್ನ ಮುಖ ನೋಡಿ, "ಉಂಡೇನ?" ಅಂದಳು. ಮತ್ತೇನು ಕೇಳಲಿ?

ಪೊಲೀಸ್ ಹುಡುಗಿ ಲೋಟ ಇಟ್ಟು, "ಬರ್ತೇನ್ರಿ ಅವ್ವಾರ" ಅಂತ ಎದ್ದಳು. ಬಾಗಿಲು ದಾಟಿದಳು, ಮೆಟ್ಟಿಲೂ ಇಳಿದಳು.

"ತಂಗೀ, ನಿಲ್ಲ. ಒಂದು ಮಾತೈತಿ. ಕೇಳಿ ನಗಬ್ಯಾಡ."

"ಇಲ್ಲ, ಹೇಳ್ರಿ."

"ಮೂಲ್ಯಾಗ ನಾಯಿ ಸತ್ತೈತಿ. ಬಾಯಾಗ ನೊರಿ ಐತಿ."

ಇಷ್ಟು ಹೇಳಿ ಆಕೆಯ ತುಟಿಯನ್ನೇ ನೋಡುತ್ತ ನಿಂತೆ.

ಆಕೆ ನಗಲಿಲ್ಲ. "ಯಾವಾಗ್ರಿ?" ಅಂದಳು.

ಯಾವಾಗ ಅಂತ ಅತ್ತಿಯನ್ನು ಯಾರೂ ಕೇಳಿರಲಿಲ್ಲ. ನನಗೆ ಅಳುವೇ ಬಂತು. ಈ ಹುಡುಗಿಯ ಸಾಹೇಬರು ನಗುತ್ತಾರೋ ಏನೋ, ಅತ್ತಿ ಇದ್ದಿದ್ದರೆ ಹೇಳು ಅನ್ನುತ್ತಿದ್ದಳೋ, ಇನ್ನೆರಡು ಖಾರಿ ತಂದಿಡು ಅನ್ನುತ್ತಿದ್ದಳೋ, ಒಂದೂ ತಿಳಿಯಲಿಲ್ಲ.

"ಬಾ, ತೋರಸ್ತೇನಿ" ಅಂದೆ. ಚಪ್ಪಲಿ ಮೆಟ್ಟಿಕೊಂಡು ಆಕೆಯ ಮುಂದೆ ಮುಂದೆ ನಡೆದೆ.