ಅಣ್ಣನ ಮೊಳ

೧೯೨೭ರ ಮೇ ೧೨, ಗುರುವಾರ, ಸಂಜೆ ನಾಲ್ಕು ಗಂಟೆ ಹತ್ತು ನಿಮಿಷ. ಬೆಳಗಾವಿಯ ಬಾಡಿಗೆ ಕೋಣೆಯಲ್ಲಿ, ಅಣ್ಣ ಮಾಡಿಕೊಟ್ಟ ಮೇಜಿನ ಮೇಲೆಯೇ ಪತ್ರಿಕೆಗೆಂದು ಇದನ್ನು ಬರೆಯಲು ಕುಳಿತಿದ್ದೇನೆ.

ಅಣ್ಣ ಖಾನಾಪುರದಲ್ಲಿ ಬಡಿಗ. ತಂದೆತಾಯಿ ಹೋದ ಮೇಲೆ ನನ್ನನ್ನು ಸಾಕಿ, ಓದಿಸಿ, ಇಲ್ಲಿ ಹೆಣ್ಣುಮಕ್ಕಳ ಶಾಲೆಯ ಶಿಕ್ಷಕಿಯಾಗುವಂತೆ ಮಾಡಿದವನು. ಅವನು ಇಂಚುಪಟ್ಟಿ ಮುಟ್ಟುತ್ತಿರಲಿಲ್ಲ. ಮೊಣಕೈಯನ್ನು ಹಲಗೆಗೆ ಊರಿ, ನಡುಬೆರಳು ಚಾಚಿ, ಅದರ ತುದಿಗೆ ಗೆರೆ ಎಳೆದರೆ ಅದೇ ಒಂದು ಮೊಳ. “ಪಟ್ಟಿ ಮರತ ಬರಬಹುದು, ಕೈ ಮರತ ಬರಾಕ ಆಗತೈತೇನ?” ಎನ್ನುತ್ತಿದ್ದ. ನಾನು ಚಿಕ್ಕವಳಿದ್ದಾಗಲೇ ಅಳೆದು ಬರೆದಿಟ್ಟಿದ್ದೆ: ಹತ್ತೊಂಬತ್ತು ಇಂಚು.

ಈ ಫೆಬ್ರವರಿಯಲ್ಲಿ ಜ್ವರ ಬಂದು ಆರೇ ದಿನಕ್ಕೆ ತೀರಿಕೊಂಡ. ಅವನಿಂದ ನನಗೆ ಬಂದ ಕಾಗದಗಳು ಇಪ್ಪತ್ತೊಂದು, ಇಪ್ಪತ್ತೊಂದರಲ್ಲೂ ‘ಕ್ಷೇಮ’.

ಮಾತನಾಡಿಸಲು ಬಂದ ನೆರೆಮನೆಯಾಕೆ, “ದೇಹ ಅಂದ್ರ ಅಂಗಿ ಇದ್ದಂಗ, ತಂಗಿ. ಹರೀತು, ಬಿಟ್ಟ ಹೋದ” ಎಂದಳು. ನಾನು ತಲೆಯಾಡಿಸಿದೆ.

ಅವನು ಒಪ್ಪಿಕೊಂಡಿದ್ದ ಒಂದು ಬಾಗಿಲ ಚೌಕಟ್ಟು ಅರ್ಧಕ್ಕೆ ನಿಂತಿತ್ತು. ಮೇಲಿನ ಅಡ್ಡಪಟ್ಟಿಗೆ ಅವನ ಲೆಕ್ಕದ ವಹಿಯಲ್ಲಿ ‘ಎರಡು ಮೊಳ’ ಎಂದಿತ್ತು. ನಾನು ಇಲ್ಲಿಯೇ ಮೂವತ್ತೆಂಟು ಇಂಚಿಗೆ ಕೊಯ್ಯಿಸಿ, ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಖಾನಾಪುರಕ್ಕೆ ಒಯ್ದೆ. ಅಡ್ಡಪಟ್ಟಿ ಚೌಕಟ್ಟಿನಲ್ಲಿ ಕೂರಲಿಲ್ಲ. ಒಂದೂವರೆ ಇಂಚು ಹೆಚ್ಚು.

ಅಣ್ಣನ ಜೊತೆ ಕೆಲಸ ಮಾಡುತ್ತಿದ್ದ ಮುದುಕ ಬಡಿಗ, ನಾವು ಚಾಚಾ ಎನ್ನುವವರು, ನಕ್ಕರು. “ಮಾಸ್ತರಬಾಯಿ ಲೆಕ್ಕ ತಪ್ಪಿತೇನ್ರೀ?”

“ಎರಡು ಮೊಳ ಅಂತ ಅವನೇ ಬರದಾನ, ಚಾಚಾ.”

ಅವರ ನಗು ನಿಂತಿತು. “ಖರೇ ಹೇಳತೀನಿ ಬೇಟಿ. ಬೆರಳು ಪೂರಾ ಚಾಚಾಕ ಆಗತಿರಲಿಲ್ಲ ಅವಗ. ಕೀಲು ಹಿಡದಿದ್ದವು. ನಿನಗ ಹೇಳಬ್ಯಾಡ ಅಂದಿದ್ದ.”

“ಎಂದಿನಿಂದ?”

“ತಾರೀಖು ಬರಿಯಾಕಿ ನೀನು. ನಾನಲ್ಲ.”

ಅಂಗಿ ಹರಿದಿದ್ದರೆ ನನಗೆ ಕಾಣುತ್ತಿತ್ತು. ಕೈ ಒಳಗೊಳಗೇ ಮುದುಡುತ್ತಿದ್ದುದು ಕಾಗದದಲ್ಲಿ ಕಾಣಲಿಲ್ಲ; ಮರದಲ್ಲಿ ಉಳಿಯಿತು.

ಬೆಳಗಾವಿಗೆ ಮರಳಿದವಳೇ ಈ ಮೇಜನ್ನು ಅಳೆದೆ. ಇದೂ ವಹಿಯಲ್ಲಿ ಎರಡು ಮೊಳ. ಇರುವುದು ಮೂವತ್ತೇಳೂವರೆ ಇಂಚು. ೧೯೨೫ರ ಜೂನ್ ೮ರಂದು ನಾನು ಬೆಳಗಾವಿಗೆ ಹೊರಟೆ. ಹೊರಡುವ ಮುನ್ನ ಎಂಟು ದಿನದಲ್ಲಿ ಮೇಜು ಬೇಕೆಂದು ಹಟ ಹಿಡಿದವಳು ನಾನೇ. ಆಗಲೇ ಆ ಕೈ ನೋಯುತ್ತಿತ್ತೇ? “ಅರ್ಧ ಇಂಚು ಗರಗಸ ತಿಂದಿರಬೇಕು ಬಿಡು” ಎನ್ನುತ್ತಾರೆ ಚಾಚಾ.

ಕೈ ಎಂದಿನಿಂದ ಮುದುಡಿತೆಂದು ತಿಳಿಯಲು ಈವರೆಗೆ ಅವನು ಮಾಡಿದ ಹನ್ನೊಂದು ಸಾಮಾನು ಅಳೆದಿದ್ದೇನೆ. ನಂದಗಡದ ಒಂದು ತೊಟ್ಟಿಲಿನಲ್ಲಿ ಮೊಳ ಪೂರಾ ಹತ್ತೊಂಬತ್ತು ಇದೆ. ಆದರೆ ಅಣ್ಣ ಅಳತೆ ಬರೆದ, ತಾರೀಖು ಬರೆಯಲಿಲ್ಲ. ಮನೆಯವರಿಗೆ ನೆನಪಿರುವುದು “ಆ ಮಳಿಗಾಲದಾಗ” ಎಂದಷ್ಟೇ.

ಅಣ್ಣ ತಾನು ಮಾಡಿದ ಸಾಮಾನಿನ ಕಾಲಿನ ಒಳಬದಿಗೆ ಗುರುತಿಗೆ ಮೂರು ಸಣ್ಣ ಗೆರೆ ಕೊರೆಯುತ್ತಿದ್ದ. ಅಂಥ ಮಣೆ, ಮಂಚ, ಪೆಟ್ಟಿಗೆ ಯಾರ ಮನೆಯಲ್ಲಾದರೂ ಇದ್ದರೆ, ಎಷ್ಟು ಮೊಳ ಹೇಳಿ ಮಾಡಿಸಿದ್ದು, ಈಗ ಎಷ್ಟು ಇಂಚಿದೆ, ಯಾವ ತಿಂಗಳು ತಂದದ್ದು ಎಂಬುದನ್ನು ಈ ಪತ್ರಿಕೆಗೆ ಬರೆದು ತಿಳಿಸಿ. ನಾನು ಹೊರಟ ದಿನ ಅವನು ಸ್ಟೇಷನ್ನಿನಲ್ಲಿ ಕೈ ಎತ್ತಿದ್ದ. ಬೆರಳು ನೆಟ್ಟಗಿದ್ದವೋ ಇಲ್ಲವೋ, ನಾನು ನೋಡಲಿಲ್ಲ.